ನಿರುದ್ಯೋಗ ಇಳೀತಂತೆ, ಹಂಗಾದ್ರೆ ಧಾರವಾಡದಲ್ಲಿ ಬೀದಿಗಿಳಿದವರು ಯಾವ ಲೆಕ್ಕಕ್ಕೆ?

2025ರ ಡಿಸೆಂಬರ್ ಮಧ್ಯದಲ್ಲಿ ಕೇಂದ್ರದ ಅಂಕಿಅಂಶ ಸಚಿವಾಲಯ ನವೆಂಬರ್ ತಿಂಗಳ ನಿರುದ್ಯೋಗ ದರ ಬಿಟ್ಟಿತು, 4.7 ಪರ್ಸೆಂಟ್. ಏಪ್ರಿಲ್‌ನಲ್ಲಿ 5.1 ಇತ್ತು, ಮಧ್ಯೆ 5.6ರವರೆಗೂ ಹೋಗಿ ಬಂದಿತ್ತು, ತಿಂಗಳು ತಿಂಗಳು ಲೆಕ್ಕ ಕೊಡೋಕೆ ಶುರು ಮಾಡಿದ ಮೇಲೆ ಇಷ್ಟು ಕಮ್ಮಿ ಬಂದಿದ್ದು ಅದೇ ಮೊದಲು. ಅದೇ ವರ್ಷದ ಕೊನೇ ತಿಂಗಳುಗಳಲ್ಲಿ ಧಾರವಾಡದಲ್ಲಿ ಸರ್ಕಾರಿ ನೌಕರಿ ಪರೀಕ್ಷೆಗೆ ಓದ್ತಿದ್ದ ಸಾವಿರಾರು ಸ್ಪರ್ಧಾರ್ಥಿಗಳು "ನೋಟಿಫಿಕೇಶನ್ ಬಿಡಿ, ಖಾಲಿ ಹುದ್ದೆ ತುಂಬಿ" ಅಂತ ಬೀದಿಗೆ ಇಳಿದಿದ್ರು. ಎರಡೂ ಸುದ್ದಿ ಓದಿದವರಿಗೆ ತಲೆ ಕೆಡೋದು ಸಹಜ. ಒಂದಷ್ಟು ಮಂದಿ ಸರ್ಕಾರದ ಲೆಕ್ಕ ಸುಳ್ಳು ಅಂತಾರೆ, ಇನ್ನೊಂದಷ್ಟು ಮಂದಿ ಈ ಹುಡುಗ್ರಿಗೆ ಸರ್ಕಾರಿ ಕುರ್ಚಿ ಬಿಟ್ರೆ ಬೇರೆ ಕೆಲಸ ಬೇಡ ಅಂತಾರೆ.

ಲೆಕ್ಕ ಸುಳ್ಳಲ್ಲ, ಹುಡುಗ್ರೂ ಸೋಮಾರಿಗಳಲ್ಲ. ಹುಬ್ಬಳ್ಳಿ-ಧಾರವಾಡದಂಥ ಊರಲ್ಲಿ ಕೆಲಸ ಇಲ್ಲದವರು ಮುಖ್ಯವಾಗಿ ಎರಡು ದಾರಿ ಹಿಡೀತಾರೆ, ಒಂದು ಬೇರೆ ಕೆಲಸ ಹುಡುಕದೆ ಓದ್ತಾ ಕಾಯೋದು, ಇನ್ನೊಂದು ಊರು ಬಿಡೋದು. ಈ ಎರಡರಲ್ಲಿ ಯಾವುದನ್ನ ಮಾಡಿದ್ರೂ ಊರಿನ ನಿರುದ್ಯೋಗ ದರ ಇಳಿಯುತ್ತೆ, ಏರಲ್ಲ. ಇದು ಹೇಗೆ ಅಂತ ಸ್ವಲ್ಪ ನಿಧಾನಕ್ಕೆ ನೋಡೋಣ.

ಮೊದಲು, ಅವಳಿ ನಗರದ ನಂಬರ್ ಎಲ್ಲಿದೆ?

ಮಾಸಿಕ ಬುಲೆಟಿನ್ ಪೂರ್ತಿ ತಿರುವಿ ಹಾಕಿದ್ರೂ ಹುಬ್ಬಳ್ಳಿ-ಧಾರವಾಡ ಅನ್ನೋ ಹೆಸರು ಸಿಗಲ್ಲ. ಹುಬ್ಬಳ್ಳಿ ಬಿಡಿ, ಕರ್ನಾಟಕದ್ದೂ ಸಿಗಲ್ಲ. ತಿಂಗಳ ಲೆಕ್ಕ ಇಡೀ ದೇಶಕ್ಕೆ ಒಂದೇ, ಹಳ್ಳಿ ಇಷ್ಟು, ಪಟ್ಟಣ ಇಷ್ಟು, ಗಂಡಸರು ಹೆಂಗಸರು ಇಷ್ಟು ಅಂತ ಬರುತ್ತೆ ಅಷ್ಟೇ. ರಾಜ್ಯದ್ದು ಮೂರು ತಿಂಗಳಿಗೊಮ್ಮೆ. ಹಂಗಾಗಿ "ನಮ್ಮೂರಲ್ಲಿ ನಿರುದ್ಯೋಗ ಎಷ್ಟು" ಅಂತ ಯಾರಾದ್ರೂ ಒಂದು ಪರ್ಸೆಂಟ್ ಹೇಳಿದ್ರೆ ಅದು ಎಲ್ಲಿಂದ ಬಂತು ಅಂತ ಕೇಳಿ, ಹೆಚ್ಚಿನ ಸಲ ರಾಜ್ಯದ್ದೋ ದೇಶದ್ದೋ ನಂಬರನ್ನ ಊರಿಗೆ ಅಂಟಿಸಿರ್ತಾರೆ.

ಯಾಕೆ ಕೊಡಲ್ಲ ಅಂದ್ರೆ ಸ್ಯಾಂಪಲ್ ಸಾಲಲ್ಲ. ಈ ಸರ್ವೆ ಹೆಸರು ಪಿಎಲ್‌ಎಫ್‌ಎಸ್, ಅಂದ್ರೆ ದುಡಿಯೋರ ಬಗ್ಗೆ ಕೇಂದ್ರ ನಿಯಮಿತವಾಗಿ ಮಾಡೋ ಸರ್ವೆ, 2017ರಲ್ಲಿ ಶುರುವಾಗಿದ್ದು, ಅದಕ್ಕೂ ಮುಂಚೆ ಐದು ವರ್ಷಕ್ಕೊಮ್ಮೆ ಎನ್‌ಎಸ್‌ಎಸ್ ಅನ್ನೋ ರಾಷ್ಟ್ರೀಯ ಮಾದರಿ ಸರ್ವೆ ಇತ್ತು. 2025ರ ಜನವರಿಯಿಂದ ಸ್ಯಾಂಪಲ್ ದೊಡ್ಡದು ಮಾಡಿದ್ರು, ವರ್ಷಕ್ಕೆ ಸುಮಾರು 2.72 ಲಕ್ಷ ಮನೆ. ಕೇಳೋಕೆ ದೊಡ್ಡದು, ಆದ್ರೆ ಇಡೀ ದೇಶಕ್ಕೆ ಹಂಚಿ ನೋಡಿ. ಉದಾಹರಣೆಗೆ ಒಂದು ತಿಂಗಳು ಅವಳಿ ನಗರದಲ್ಲಿ ಕೆಲಸದಲ್ಲಿರೋರು, ಕೆಲಸ ಹುಡುಕೋರು ಸೇರಿ 300 ಮಂದಿ ಸರ್ವೆಗೆ ಸಿಕ್ರು ಅಂತ ಇಟ್ಕೊಳ್ಳಿ. ಅದರಲ್ಲಿ 15 ಮಂದಿಗೆ ಕೆಲಸ ಇಲ್ಲ, ಅಂದ್ರೆ 5 ಪರ್ಸೆಂಟ್. ಮುಂದಿನ ತಿಂಗಳು ಬರೀ ಐದು ಮಂದಿ ಜಾಸ್ತಿ ಸಿಕ್ರೆ ಅದು 6.7 ಆಗುತ್ತೆ, ಐದು ಮಂದಿ ಕಮ್ಮಿ ಸಿಕ್ರೆ 3.3. ಊರಲ್ಲಿ ಏನೂ ಬದಲಾಗಿರಲ್ಲ, ಯಾವ ಬೀದಿಯ ಯಾವ ಮನೆ ಬಾಗಿಲು ತಟ್ಟಿದ್ರು ಅನ್ನೋದಷ್ಟೇ ಬದಲಾಗಿರುತ್ತೆ, ಆದ್ರೆ ಪೇಪರಲ್ಲಿ "ನಿರುದ್ಯೋಗ ದುಪ್ಪಟ್ಟು" ಅಂತ ಬರುತ್ತೆ. ಅಂಥ ನಂಬರ್ ಕೊಡದೇ ಇರೋದೇ ವಾಸಿ ಅನ್ನೋದು ಅಂಕಿಅಂಶದವರ ವಾದ, ಆ ಮಟ್ಟಿಗೆ ಅವರು ಹೇಳೋದು ಸರಿ.

ಇದರಲ್ಲಿ ಇನ್ನೊಂದು ತಮಾಷೆ ಇದೆ. ಸಂವಿಧಾನದ ಪ್ರಕಾರ ಮಹಾನಗರ ಪ್ರದೇಶ ಅನ್ನಿಸ್ಕೊಳ್ಳೋಕೆ 10 ಲಕ್ಷ ಜನಸಂಖ್ಯೆ ಬೇಕು. 2011ರ ಜನಗಣತಿಯಲ್ಲಿ ಹುಬ್ಬಳ್ಳಿ-ಧಾರವಾಡ ಪಾಲಿಕೆಯದ್ದು ಸುಮಾರು 9.44 ಲಕ್ಷ. ರಾಜ್ಯದಲ್ಲಿ ಬೆಂಗಳೂರು ಬಿಟ್ರೆ ದೊಡ್ಡ ಪಾಲಿಕೆ, ಆದ್ರೂ ಐವತ್ತು ಚಿಲ್ಲರೆ ಸಾವಿರ ತಲೆ ಕಮ್ಮಿ ಬಿತ್ತು. ಆಮೇಲೆ ಆ ಗೆರೆ ದಾಟಿ ಎಷ್ಟು ವರ್ಷ ಆಯ್ತೋ, 2021ರಲ್ಲಿ ಎಣಿಸಬೇಕಿತ್ತು, ಎಣಿಸಲಿಲ್ಲ, ಈಗ ಜನಗಣತಿ 2027ಕ್ಕೆ. ಅಷ್ಟರಲ್ಲಿ ಧಾರವಾಡಕ್ಕೆ ಬೇರೆ ಪಾಲಿಕೆ ಅಂತ 2025ರ ಜನವರಿಯಲ್ಲಿ ಸಂಪುಟ ಒಪ್ಪಿಗೆಯೂ ಕೊಟ್ಟಾಯ್ತು. ಅಂದ್ರೆ ಊರಿನ ತಲೆ ಎಷ್ಟು ಅನ್ನೋದೇ 2011ರ ಹಳೇ ಲೆಕ್ಕ, ಕೆಲಸ ಇಲ್ಲದ ತಲೆ ಎಷ್ಟು ಅಂತ ಕೇಳೋದಂತೂ ದೂರದ ಮಾತು.

ಏಳು ದಿನ, ಒಂದು ಗಂಟೆ

4.7 ಅನ್ನೋ ನಂಬರ್ ಹುಟ್ಟೋದು ಹೇಗೆ ಅಂದ್ರೆ, ಸರ್ವೆಯವರು ಬಂದು ಕಳೆದ ಏಳು ದಿನದ ಬಗ್ಗೆ ಕೇಳ್ತಾರೆ. ಆ ಏಳು ದಿನದಲ್ಲಿ ಯಾವುದಾದ್ರೂ ಒಂದು ದಿನ, ಒಂದೇ ಒಂದು ಗಂಟೆ, ಸಂಬಳಕ್ಕೋ ಸ್ವಂತದ್ದೋ ಮನೆಯ ಅಂಗಡಿಯಲ್ಲಿ ಕೂತೋ ಕೆಲಸ ಮಾಡಿದ್ರೆ ನೀವು ಉದ್ಯೋಗಿ. ಒಂದು ಗಂಟೆಯೂ ಮಾಡಿಲ್ಲ, ಆದ್ರೆ ಕೆಲಸ ಹುಡುಕಿದ್ರಿ ಅಥವಾ ಕೊಟ್ರೆ ಮಾಡೋಕೆ ರೆಡಿ ಇದ್ರಿ ಅಂದ್ರೆ ನಿರುದ್ಯೋಗಿ. ಎರಡೂ ಇಲ್ಲ ಅಂದ್ರೆ ನೀವು ಲೆಕ್ಕದಿಂದಲೇ ಹೊರಗೆ, ಶ್ರಮಶಕ್ತಿಯಲ್ಲೇ ಇಲ್ಲ. ಗೃಹಿಣಿ, ವಿದ್ಯಾರ್ಥಿ, ವಯಸ್ಸಾದವರು ಎಲ್ಲಾ ಈ ಮೂರನೇ ಗುಂಪಿಗೆ.

ನಿರುದ್ಯೋಗ ದರ ಅಂದ್ರೆ ಎರಡನೇ ಗುಂಪನ್ನ ಮೊದಲನೇ ಮತ್ತು ಎರಡನೇ ಗುಂಪಿನ ಮೊತ್ತದಿಂದ ಭಾಗಿಸೋದು. ಮೂರನೇ ಗುಂಪು ಮೇಲೂ ಇಲ್ಲ ಕೆಳಗೂ ಇಲ್ಲ. ಈ ಒಂದು ವಿಷಯ ತಲೆಗೆ ಹೋದ್ರೆ ಅರ್ಧ ಗೊಂದಲ ಕಳೆದಂಗೆ.

ನೂರು ಜನ ಇದಾರೆ, 95 ಮಂದಿಗೆ ಕೆಲಸ ಇದೆ, 5 ಮಂದಿ ಹುಡುಕ್ತಿದಾರೆ, ದರ 5 ಪರ್ಸೆಂಟ್. ಆ ಐದರಲ್ಲಿ ಇಬ್ಬರು "ಸಾಕಪ್ಪಾ ಈ ಖಾಸಗಿ ಇಂಟರ್‌ವ್ಯೂ, ಎರಡು ವರ್ಷ ಕೂತು ಓದ್ತೀನಿ" ಅಂತ ಹುಡುಕೋದು ಬಿಟ್ರೆ 98ರಲ್ಲಿ 3, ಅಂದ್ರೆ 3.1 ಪರ್ಸೆಂಟ್. ಒಂದು ಹೊಸ ಕೆಲಸವೂ ಹುಟ್ಟಿಲ್ಲ, ದರ ಮಾತ್ರ ಭರ್ಜರಿ ಇಳೀತು.

ಇನ್ನೊಂದು ಕಡೆ, ಫ್ಯಾಕ್ಟರಿ ಕೆಲಸ ಹೋದವನು ಮರುವಾರ ಆಟೋ ಬಾಡಿಗೆಗೆ ಹಿಡಿದ್ರೆ, ಇಲ್ಲ ಹಳೇ ಬಸ್ ಸ್ಟ್ಯಾಂಡ್ ಹತ್ರ ಗಿರ್ಮಿಟ್ ಗಾಡಿ ಹಾಕಿದ್ರೆ ಅವನು ಉದ್ಯೋಗಿಯೇ, ಗಳಿಕೆ ಅರ್ಧ ಆಗಿದ್ರೂ ದರ ಅಲ್ಲಾಡಲ್ಲ. ನಮ್ಮಂಥ ದೇಶದಲ್ಲಿ ಬಡವರಿಗೆ ನಿರುದ್ಯೋಗಿಯಾಗಿ ಇರೋಕೆ ಆಗಲ್ಲ, ಕೂತು ತಿನ್ನೋಕೆ ಯಾರೂ ಕೊಡಲ್ಲವಲ್ಲ. ಅದಕ್ಕೇ ಓದು ಬರಹ ಇಲ್ಲದವರಲ್ಲಿ ನಿರುದ್ಯೋಗ ಒಂದು ಪರ್ಸೆಂಟೂ ಇರಲ್ಲ, ಪದವೀಧರರಲ್ಲಿ 2022-23ರ ಲೆಕ್ಕಕ್ಕೆ 13 ಪರ್ಸೆಂಟ್ ದಾಟಿತ್ತು. 2025ರ ಏಪ್ರಿಲ್‌ನಲ್ಲಿ ಪಟ್ಟಣಗಳ 15ರಿಂದ 29 ವಯಸ್ಸಿನವರದ್ದು 17.2. ಸುದ್ದಿಯಲ್ಲಿ ಬರೋ 5 ಅನ್ನೋದು ಈ 17ನ್ನೂ ಹೊಲದಲ್ಲಿ ದುಡಿಯೋ ಐವತ್ತರ ರೈತನನ್ನೂ ಒಟ್ಟಿಗೆ ಕಲಸಿದ ಸರಾಸರಿ.

(ವರ್ಷಕ್ಕೊಮ್ಮೆ ಬರೋ ನಂಬರ್, 2023-24ರಲ್ಲಿ 3.2 ಪರ್ಸೆಂಟ್ ಇದ್ದಿದ್ದು, ಇನ್ನೊಂದು ಥರದ್ದು, ಅದರಲ್ಲಿ ಏಳು ದಿನದ ಬದಲು 365 ದಿನ ನೋಡ್ತಾರೆ. ಅದನ್ನೂ ಇದನ್ನೂ ಪಕ್ಕಪಕ್ಕ ಇಟ್ಟು ಏರಿತು ಇಳೀತು ಅಂತ ವಾಟ್ಸಾಪಲ್ಲಿ ಬರೋ ಪೋಸ್ಟರ್‌ಗಳನ್ನ ನಂಬಬೇಡಿ, ಯಾವ ಪಕ್ಷದವರು ಕಳ್ಸಿದ್ರೂ ಸರಿ.)

ಸಪ್ತಾಪುರದ ರೂಮಲ್ಲಿರೋ ಹುಡುಗ ಯಾವ ಗುಂಪು?

ಧಾರವಾಡದ ಸಪ್ತಾಪುರ, ಶ್ರೀನಗರ ಕಡೆ ಹೋದವರಿಗೆ ಗೊತ್ತು, ಮನೆಗಳ ಮೇಲೆ ಮನೆ ಪಿಜಿ, ಕೆಳಗೆ ಖಾನಾವಳಿ, ಪಕ್ಕದಲ್ಲಿ ಝೆರಾಕ್ಸ್ ಅಂಗಡಿ, ಅದರ ಮೇಲೆ ರೀಡಿಂಗ್ ರೂಂ. ರೀಡಿಂಗ್ ರೂಂ ಅಂದ್ರೆ ತಿಂಗಳಿಗಿಷ್ಟು ಅಂತ ಬಾಡಿಗೆ ಕಟ್ಟಿ ಒಂದು ಕುರ್ಚಿ, ಒಂದು ಟೇಬಲ್, ಒಂದು ಪ್ಲಗ್ ಪಾಯಿಂಟ್ ಹಿಡ್ಕೊಳ್ಳೋದು. ಬೀದರ್, ವಿಜಯಪುರ, ಬಾಗಲಕೋಟೆ, ಕೊಪ್ಪಳ, ಹಾವೇರಿಯ ಹಳ್ಳಿಗಳಿಂದ ಬಂದ ಹುಡುಗ ಹುಡುಗೀರು ಬೆಳಿಗ್ಗೆಯಿಂದ ರಾತ್ರಿವರೆಗೂ ಅಲ್ಲಿ. ಎಫ್‌ಡಿಎ, ಎಸ್‌ಡಿಎ, ಪಿಡಿಒ, ಪಿಎಸ್‌ಐ, ಕೆಎಎಸ್, ಯಾವ ಸರ್ಕಾರಿ ಹುದ್ದೆಯ ನೋಟಿಫಿಕೇಶನ್ ಬಂದ್ರೂ ಅರ್ಜಿ ಹಾಕೋದೇ.

ಈಗ ಸರ್ವೆಯವರು ಅಂಥ ಒಂದು ಪಿಜಿಗೆ ಬಂದ್ರು ಅಂತ ಇಟ್ಕೊಳ್ಳಿ. ಪಿಜಿ ಹಾಸ್ಟೆಲಲ್ಲಿ ಇರೋ ಒಬ್ಬೊಬ್ಬರನ್ನೂ ಒಂದೊಂದು ಒಂಟಿ ಮನೆ ಅಂತ ಎಣಿಸೋ ನಿಯಮ ಇದೆ, ಹಂಗಾಗಿ ಬೀದರಿನ ಹುಡುಗ ಧಾರವಾಡದ ಲೆಕ್ಕಕ್ಕೆ ಬರ್ತಾನೆ, ಬೀದರಿನ ಅವನ ಹಳ್ಳಿ ಲೆಕ್ಕದಿಂದ ಹೊರಗೆ ಹೋಗ್ತಾನೆ. ಪ್ರಶ್ನೆ ಶುರು.

"ಕಳೆದ ವಾರ ಏನಾದ್ರೂ ಕೆಲಸ ಮಾಡಿದ್ರಾ?" ಅಂದಾಗ "ಹೌದ್ರಿ, ಭಾನುವಾರ ಕೋಚಿಂಗ್ ಸೆಂಟರಲ್ಲಿ ಟೆಸ್ಟ್ ಪೇಪರ್ ತಿದ್ದಿದೆ, ಒಂದಿಷ್ಟು ರೊಕ್ಕ ಕೊಟ್ರು" ಅಂದ್ರೆ ಅವನು ಉದ್ಯೋಗಿ. ಏಳು ದಿನದಲ್ಲಿ ಬಾಕಿ ಪೂರ್ತಿ ಓದಿದ್ರೂ ಸರಿ.

"ಇಲ್ರಿ, ಆದ್ರ ಯಾವುದಾದ್ರೂ ಕೆಲಸ ಸಿಕ್ರ ಮಾಡ್ತೀನಿ" ಅಂದ್ರೆ ನಿರುದ್ಯೋಗಿ.

"ಇಲ್ರಿ, ಈಗ ಓದಾಕತ್ತೀನಿ, ಪರೀಕ್ಷೆ ಮುಗಿಯೋತನಕ ಬ್ಯಾರೆ ಕೆಲಸ ನೋಡಂಗಿಲ್ಲ" ಅಂದ್ರೆ ಲೆಕ್ಕದಿಂದ ಹೊರಗೆ. ಹಾಸ್ಟೆಲ್ ಸೀಟಿಗೋ ಸ್ಕಾಲರ್‌ಶಿಪ್ಪಿಗೋ ಎರಡನೇ ಎಂಎ ಸೇರಿಕೊಂಡಿದ್ರೆ ವಿದ್ಯಾರ್ಥಿ ಅಂತ ಬರ್ಕೊಳ್ಳೋದು ಇನ್ನೂ ಸಲೀಸು.

ಹುಡುಗ ಒಬ್ಬನೇ, ರೂಂ ಅದೇ, ಜೇಬಲ್ಲಿರೋದು ಅಪ್ಪ ಕಳ್ಸಿದ ದುಡ್ಡೇ, ಉತ್ತರ ಹೇಗೆ ಕೊಟ್ಟ ಅನ್ನೋದರ ಮೇಲೆ ಮೂರು ಬೇರೆ ಬೇರೆ ಗುಂಪು. ಧಾರವಾಡಕ್ಕೆ ಒಂದು ನಿರುದ್ಯೋಗ ದರ ಅಂತ ಯಾರಾದ್ರೂ ಲೆಕ್ಕ ಹಾಕಿಕೊಟ್ರೂ, ಈ ಒಂದು ಪ್ರಶ್ನೆಗೆ ಈ ಹುಡುಗ್ರು ಏನಂದ್ರು ಅನ್ನೋದರ ಮೇಲೇ ಅದು ಕುಣಿಯುತ್ತೆ.

ಊರು ಬಿಟ್ಟವರು

ಕಾಯೋರ ಕತೆ ಧಾರವಾಡದ್ದಾದ್ರೆ ಬಿಟ್ಟು ಹೋಗೋರ ಕತೆ ಹೆಚ್ಚಾಗಿ ಹುಬ್ಬಳ್ಳಿದು. ಹುಬ್ಬಳ್ಳಿ ಮೊದಲಿಂದ ವ್ಯಾಪಾರದ, ಸಾರಿಗೆಯ ಊರು. ಹತ್ತಿ ಮಾರ್ಕೆಟ್, ಅಮರಗೋಳದ ಎಪಿಎಂಸಿ, ರೈಲ್ವೆ ವರ್ಕ್‌ಶಾಪ್, 2003ರಿಂದ ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ, ವಾಯವ್ಯ ಸಾರಿಗೆಯ ಕೇಂದ್ರ ಕಚೇರಿ, ಲಾರಿ ಟ್ರಾನ್ಸ್‌ಪೋರ್ಟ್ ಕಂಪನಿಗಳು. ಗೋಕುಲ ರಸ್ತೆ, ತಾರಿಹಾಳ, ಆ ಕಡೆ ಧಾರವಾಡದ ಬೇಲೂರು, ಮುಮ್ಮಿಗಟ್ಟಿ ಇಂಡಸ್ಟ್ರಿಯಲ್ ಏರಿಯಾಗಳಲ್ಲಿ ವಾಲ್ವ್, ಮೋಟಾರ್, ಬಸ್ ಬಾಡಿ, ಅಗೆಯೋ ಯಂತ್ರ ಎಲ್ಲಾ ತಯಾರಾಗುತ್ತೆ. ಐಟಿಐ ಡಿಪ್ಲೊಮಾ ಮಾಡಿದವರಿಗೆ ಇಲ್ಲಿ ಅಷ್ಟೋ ಇಷ್ಟೋ ಕೆಲಸ ಇದೆ.

ಸಮಸ್ಯೆ ಬಿಇ, ಬಿಸಿಎ, ಬಿಕಾಂ, ಎಂಬಿಎಗಳದ್ದು. ವರ್ಷಾವರ್ಷ ಈ ಎರಡು ಊರಿಂದ ಹೊರಬೀಳೋ ಪದವೀಧರರಿಗೆ ತಕ್ಕಷ್ಟು ಆಫೀಸ್ ಕೆಲಸ ಇಲ್ಲಿಲ್ಲ, ಹಂಗಾಗಿ ರಿಸಲ್ಟ್ ಬಂದ ವಾರವೇ ಬೆಂಗಳೂರಿಗೋ ಪುಣೆಗೋ ರಾತ್ರಿ ಬಸ್ಸು. ಅವರು ಹೋದ ಕೂಡ್ಲೇ ಏನಾಗುತ್ತೆ? ಹುಬ್ಬಳ್ಳಿಯ ನಿರುದ್ಯೋಗಿಗಳ ಪಟ್ಟಿಯಿಂದ ಹೆಸರು ಹೋಗುತ್ತೆ. ಬೆಂಗಳೂರಲ್ಲಿ ಕೆಲಸ ಸಿಕ್ರೆ ಅಲ್ಲಿನ ಉದ್ಯೋಗಿ, ಸಿಗದಿದ್ರೆ ಅಲ್ಲಿನ ನಿರುದ್ಯೋಗಿ, ಎರಡರಲ್ಲೂ ಹುಬ್ಬಳ್ಳಿ ಲೆಕ್ಕ ಕ್ಲೀನ್. ಸಣ್ಣ ನಗರಗಳಿಗೂ ದೊಡ್ಡ ನಗರಗಳಿಗೂ ಇರೋ ದೊಡ್ಡ ವ್ಯತ್ಯಾಸ ಇದೇ ಅನ್ಸುತ್ತೆ, ಬೆಂಗಳೂರಿನ ನಿರುದ್ಯೋಗಿ ಬೆಂಗಳೂರಲ್ಲೇ ಕೂತು ಹುಡುಕ್ತಾನೆ, ಹುಬ್ಬಳ್ಳಿಯವನು ಹುಡುಕೋಕೇ ಊರು ಬಿಡಬೇಕು.

ಸರ್ಕಾರಿ ನೌಕರಿ ಕ್ಯೂ ಇಷ್ಟುದ್ದ ಆಗಿದ್ದು ಹೇಗೆ

ರಾಜ್ಯ ಸರ್ಕಾರದಲ್ಲಿ ಮಂಜೂರಾದ ಹುದ್ದೆಗಳ ಪೈಕಿ ಎರಡೂವರೆ ಲಕ್ಷಕ್ಕೂ ಜಾಸ್ತಿ ಖಾಲಿ ಇವೆ ಅಂತ ಸರ್ಕಾರವೇ ಹೇಳಿದೆ. ಹಂಗಾದ್ರೆ ತುಂಬೋಕೆ ಏನು ಅಡ್ಡಿ?

ಮೊದಲನೇದು ದುಡ್ಡು. 7ನೇ ವೇತನ ಆಯೋಗ 2024ರ ಆಗಸ್ಟ್‌ನಿಂದ ಜಾರಿ ಆದ ಮೇಲೆ ರಾಜ್ಯ ನೌಕರರ ಕನಿಷ್ಠ ಮೂಲ ವೇತನ 17 ಸಾವಿರದಿಂದ 27 ಸಾವಿರಕ್ಕೆ ಏರಿತು. ಒಂದೊಂದು ಹೊಸ ನೇಮಕವೂ ಖಜಾನೆಗೆ ಹಳೇದಕ್ಕಿಂತ ಭಾರ. ಅದೇ ಏರಿಕೆ ಈ ಕಡೆ ಕ್ಯೂ ಇನ್ನೂ ಉದ್ದ ಮಾಡ್ತು, ಯಾಕಂದ್ರೆ ಹುಬ್ಬಳ್ಳಿಯ ಯಾವುದೋ ಶೋರೂಮಲ್ಲೋ ಫೈನಾನ್ಸ್ ಕಂಪನಿಯಲ್ಲೋ ಡಿಗ್ರಿ ಹುಡುಗ ಆ ಸಂಬಳ ನೋಡೋಕೆ ವರ್ಷಗಟ್ಟಲೆ ದುಡೀಬೇಕು. ಅವನ ಲೆಕ್ಕಾಚಾರದಲ್ಲಿ ಎರಡು ಮೂರು ವರ್ಷ ಕಾಯೋದು ನಷ್ಟ ಅಲ್ಲ.

ಎರಡನೇದು ಮೀಸಲಾತಿ ಕಗ್ಗಂಟು. 2024ರ ಆಗಸ್ಟ್ 1ಕ್ಕೆ ಸುಪ್ರೀಂ ಕೋರ್ಟ್ ಪರಿಶಿಷ್ಟ ಜಾತಿಗಳಲ್ಲಿ ಒಳಮೀಸಲಾತಿ, ಅಂದ್ರೆ ಅವರ ಪಾಲನ್ನ ಅವರೊಳಗಿನ ಗುಂಪುಗಳಿಗೆ ಹಂಚೋದು, ಮಾಡಬಹುದು ಅಂತ ತೀರ್ಪು ಕೊಡ್ತು. ಅಕ್ಟೋಬರ್ ಕೊನೆಯಲ್ಲಿ ರಾಜ್ಯ ಸಂಪುಟ ಆಯೋಗ ಮಾಡಿ, ವರದಿ ಬರೋವರೆಗೂ ಹೊಸ ನೋಟಿಫಿಕೇಶನ್ ಬೇಡ ಅಂತ ತೀರ್ಮಾನಿಸ್ತು. ನ್ಯಾಯಮೂರ್ತಿ ಎಚ್.ಎನ್. ನಾಗಮೋಹನ ದಾಸ್ ಆಯೋಗದ ವರದಿ ಬಂದಿದ್ದು 2025ರ ಆಗಸ್ಟ್ ಮೊದಲ ವಾರ, ಅದೇ ತಿಂಗಳು ಸಂಪುಟ ಎಸ್‌ಸಿಗಳ 17 ಪರ್ಸೆಂಟನ್ನ ಮೂರು ಗುಂಪಿಗೆ 6-6-5 ಅಂತ ಹಂಚಿತು. ತೀರ್ಪಿಂದ ಇಲ್ಲಿಗೆ ಒಂದು ವರ್ಷ. ಇದರ ಮೇಲೆ 2022ರಲ್ಲಿ ಎಸ್‌ಸಿ 15ರಿಂದ 17ಕ್ಕೆ, ಎಸ್‌ಟಿ 3ರಿಂದ 7ಕ್ಕೆ ಏರಿಸಿ ಒಟ್ಟು ಮೀಸಲಾತಿ 56 ಆಗಿರೋದು ಕೋರ್ಟಲ್ಲಿ ಬೇರೆ ಇದೆ. ಒಳಮೀಸಲಾತಿ ನ್ಯಾಯದ ಬೇಡಿಕೆ, ದಶಕಗಳಿಂದ ಹೋರಾಡಿ ಪಡೆದದ್ದು, ಅದನ್ನ ಇತ್ಯರ್ಥ ಮಾಡದೆ ನೇಮಕಾತಿ ಮಾಡಿದ್ರೆ ಮತ್ತೆ ಕೋರ್ಟಿಗೆ ಹೋಗ್ತಿತ್ತು ಅನ್ನೋದು ನಿಜ. ಆದ್ರೆ ಆ ಒಂದು ವರ್ಷದ ಖರ್ಚನ್ನ ಪೂರ್ತಿ ಹೊತ್ತವರು ರೀಡಿಂಗ್ ರೂಮಲ್ಲಿ ಕೂತ ಎಲ್ಲಾ ಜಾತಿಯ ಹುಡುಗ್ರು, ವಯೋಮಿತಿ ಸಡಿಲಿಕೆ ಬಂದಿದ್ದು ಆಮೇಲೆ, ಗಲಾಟೆ ಆದ ಮೇಲೆ.

ಮೂರನೇದು ಪರೀಕ್ಷೆ ನಡೆಸೋರ ಅವ್ಯವಸ್ಥೆ. 545 ಪಿಎಸ್‌ಐ ಹುದ್ದೆಗೆ 2021ರಲ್ಲಿ ಪರೀಕ್ಷೆ ಆಯ್ತು, ಅಕ್ರಮ ಬಯಲಾಗಿ 2022ರಲ್ಲಿ ರದ್ದಾಯ್ತು, ಮರುಪರೀಕ್ಷೆ 2024ರ ಜನವರಿಯಲ್ಲಿ. 384 ಕೆಎಎಸ್ ಹುದ್ದೆಗೆ ಎರಡು ಲಕ್ಷಕ್ಕೂ ಹೆಚ್ಚು ಅರ್ಜಿ, 2024ರ ಆಗಸ್ಟಲ್ಲಿ ಪ್ರಿಲಿಮ್ಸ್ ಮಾಡಿ ಕನ್ನಡ ಪ್ರಶ್ನೆಪತ್ರಿಕೆ ತರ್ಜುಮೆ ಎಡವಟ್ಟಾಗಿ ಡಿಸೆಂಬರಲ್ಲಿ ಮತ್ತೆ ಮಾಡಿದ್ರು. ಕನ್ನಡ ನಾಡಲ್ಲಿ ಕನ್ನಡದ ಪ್ರಶ್ನೆಯೇ ಅರ್ಥ ಆಗದಂಗೆ ಬಂತು ಅನ್ನೋದು ಬೇರೆ ಲೇಖನಕ್ಕೆ ಬಿಡೋಣ.

ಯಾರ ವಾದ ಎಷ್ಟು ಸರಿ

ಕೇಂದ್ರದವರು ಹೇಳೋದು: ದುಡಿಯೋಕೆ ಮುಂದೆ ಬರೋರ ಪ್ರಮಾಣವೇ ಏರಿದೆ, ಮಹಿಳೆಯರದ್ದಂತೂ 2017-18ರಲ್ಲಿ 23 ಪರ್ಸೆಂಟ್ ಇದ್ದಿದ್ದು 2023-24ಕ್ಕೆ 41 ದಾಟಿದೆ, ಅಷ್ಟಾಗಿಯೂ ನಿರುದ್ಯೋಗ ಇಳಿದಿದೆ ಅಂದ್ರೆ ಕೆಲಸ ಹುಟ್ಟಿದೆ ಅಂತಲೇ ಅರ್ಥ. ಸರಿ, ಆದ್ರೆ ಆ ಏರಿಕೆಯಲ್ಲಿ ದೊಡ್ಡ ಪಾಲು ಹಳ್ಳಿಯ ಸ್ವಂತ ದುಡಿಮೆ, ಮನೆಯ ಹೊಲದಲ್ಲಿ ಸಂಬಳ ಇಲ್ಲದ ಕೆಲಸ. ಧಾರವಾಡದ ಬಿಎಸ್ಸಿ ಹುಡುಗಿಗೆ ಅದರಿಂದ ಏನೂ ಆಗಲ್ಲ.

ಕೈಗಾರಿಕೆಯವರು ಹೇಳೋದು: ಕೆಲಸ ಇದೆ, ಮಂದಿ ಸಿಗ್ತಿಲ್ಲ, ಬಂದವರು ಆರು ತಿಂಗಳು ನಿಲ್ಲಲ್ಲ. ಇದೂ ನಿಜ, ಆದ್ರೆ ಪೂರ್ತಿ ನಿಜ ಅಲ್ಲ. ಕಾಂಟ್ರಾಕ್ಟ್ ಮೇಲೆ, ಏಜೆನ್ಸಿ ಮೂಲಕ, ಕಾಯಂ ಆಗೋ ಭರವಸೆ ಇಲ್ಲದೆ ಕರೆದ್ರೆ ಹುಡುಗ ಯಾಕೆ ನಿಲ್ತಾನೆ? ಸಂಬಳ ಏರಿಸದೇ ಇದ್ದು ಮಂದಿ ಸಿಗ್ತಿಲ್ಲ ಅನ್ನೋದು ಅಂಗಡಿಯವನು ಹಳೇ ರೇಟಿಗೆ ಯಾರೂ ತೊಗರಿ ಕೊಡ್ತಿಲ್ಲ ಅಂದಂಗೆ.

ಸ್ಪರ್ಧಾರ್ಥಿಗಳು ಹೇಳೋದು: ಖಾಲಿ ಹುದ್ದೆ ತುಂಬಿ, ಸಮಸ್ಯೆ ಮುಗೀತು. ಇಲ್ಲೂ ಒಂದು ಕಹಿ ಸತ್ಯ ಇದೆ. ಎರಡೂವರೆ ಲಕ್ಷವೂ ಒಂದೇ ವರ್ಷ ತುಂಬಿದ್ರೂ ಕ್ಯೂನಲ್ಲಿರೋರಲ್ಲಿ ಬಹುಪಾಲು ಮಂದಿಗೆ ಸಿಗಲ್ಲ, ಅರ್ಜಿಗಳ ಸಂಖ್ಯೆ ನೋಡಿದ್ರೇ ಗೊತ್ತಾಗುತ್ತೆ. ಆದ್ರೆ ನೇಮಕಾತಿ ನಿಲ್ಲಿಸಿದ್ರೆ ಹುಡುಗ್ರು ಬೇರೆ ದಾರಿ ನೋಡ್ಕೋತಾರೆ ಅಂತ ಅಂದ್ಕೊಳ್ಳೋರು ಅದಕ್ಕಿಂತ ದೊಡ್ಡ ತಪ್ಪು ಮಾಡ್ತಾರೆ. ತಮಿಳುನಾಡು 2001ರಿಂದ 2006ರವರೆಗೆ ಹೆಚ್ಚಿನ ಸರ್ಕಾರಿ ನೇಮಕಾತಿ ನಿಲ್ಲಿಸಿತ್ತು. ಅದರ ಮೇಲೆ ಆಮೇಲೆ ನಡೆದ ಅಧ್ಯಯನದಲ್ಲಿ ಕಂಡಿದ್ದು ಏನಂದ್ರೆ, ಆ ಕಾಲಕ್ಕೆ ಡಿಗ್ರಿ ಮುಗಿಸಿದ ಗಂಡುಹುಡುಗ್ರು ತಯಾರಿ ಬಿಡಲಿಲ್ಲ, ಇನ್ನೂ ಜಾಸ್ತಿ ಕಾಲ ಕೆಲಸ ಇಲ್ಲದೆ ಓದ್ತಾ ಕೂತ್ರು, ಅದರ ಪೆಟ್ಟು ಅವರ ಮುಂದಿನ ಗಳಿಕೆ ಮೇಲೂ ಬಿತ್ತು. ಕಾರಣ ಸರಳ. ಈಗಾಗಲೇ ಎರಡು ವರ್ಷ ಹಾಕಾಗಿದೆ, ನೋಟಿಫಿಕೇಶನ್ ನಾಳೆಯೇ ಬಂದ್ರೆ? ಬಿಟ್ಟು ಹೋದ ದಿನವೇ ಬಂದ್ರೆ?

ನಂಬರ್ ಇರೋ ಊರಲ್ಲಾದ್ರೂ ಸುಖವಾ?

ಊರಿಗೊಂದು ದರ ಇದ್ದಿದ್ರೆ ಎಲ್ಲಾ ಸ್ಪಷ್ಟ ಆಗ್ತಿತ್ತಾ? ಅಮೆರಿಕದ ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್-ಗೋಶೆನ್ ನೋಡಿ, ಅದೂ ಜೋಡಿ ಊರೇ, 2020ರಲ್ಲಿ ಜನಸಂಖ್ಯೆ ಬರೀ 2.07 ಲಕ್ಷ. ಅದಕ್ಕೆ ಪ್ರತಿ ತಿಂಗಳು ಸರ್ಕಾರದ್ದೇ ನಿರುದ್ಯೋಗ ದರ ಬರುತ್ತೆ. ಬರೀ ಸರ್ವೆ ನೆಚ್ಕೊಂಡು ಮಾಡಲ್ಲ, ಕೆಲಸ ಕಳ್ಕೊಂಡವರು ನಿರುದ್ಯೋಗ ವಿಮೆಗೆ ಹಾಕೋ ಅರ್ಜಿಗಳ ಲೆಕ್ಕ ವಾರವಾರ ಸಿಗುತ್ತೆ, ಅದನ್ನ ಸೇರಿಸಿ ಅಂದಾಜು ಮಾಡ್ತಾರೆ. ನಮ್ಮಲ್ಲಿ ಅಂಥ ವಿಮೆ ಹೆಚ್ಚುಕಮ್ಮಿ ಇಲ್ಲ, ಇಎಸ್‌ಐ ಅನ್ನೋ ನೌಕರರ ವಿಮೆ ಇದ್ದವರಿಗೆ 2018ರಿಂದ ಒಂದು ಸಣ್ಣ ಯೋಜನೆ ಇದೆ ಅಷ್ಟೇ. ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆ ಯುವನಿಧಿ ಇದೆಯಲ್ಲ ಅಂದ್ರೆ ಅದು ಹೊಸದಾಗಿ ಪಾಸಾದವರಿಗೆ ಮಾತ್ರ, ಪದವೀಧರರಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ ತಿಂಗಳಿಗೆ, ಅದೂ ಎರಡು ವರ್ಷದ ಮಟ್ಟಿಗೆ, ಹಳೇ ಬ್ಯಾಚಿನವರು ಅದರಲ್ಲಿ ಕಾಣಲ್ಲ.

ಎಲ್ಕ್‌ಹಾರ್ಟ್ ಬದುಕೋದು ಒಂದೇ ಉದ್ಯಮದ ಮೇಲೆ, ಆರ್‌ವಿ, ಅಂದ್ರೆ ಒಳಗೇ ಅಡುಗೆಮನೆ ಹಾಸಿಗೆ ಎಲ್ಲಾ ಇರೋ ಪ್ರವಾಸದ ಗಾಡಿ. 2009ರ ಕುಸಿತದಲ್ಲಿ ಅಲ್ಲಿ ನಿರುದ್ಯೋಗ 20 ಪರ್ಸೆಂಟ್ ಹತ್ರ ಹೋಯ್ತು, ಒಬಾಮ ಅಧಿಕಾರ ಹಿಡಿದ ತಿಂಗಳೊಳಗೇ ಅಲ್ಲಿಗೆ ಹೋಗಿ ಭಾಷಣ ಮಾಡಿದ್ರು. 2020ರ ಏಪ್ರಿಲಲ್ಲಿ ಕೋವಿಡ್‌ಗೆ 30ರ ಆಸುಪಾಸು, 2021ರ ಕೊನೆಗೆ 2ಕ್ಕಿಂತ ಕಮ್ಮಿ.

ಇಲ್ಲಿವರೆಗೂ ನಂಬರ್ ಸರಿಯಾಗೇ ಕತೆ ಹೇಳ್ತು. ಆಮೇಲೆ ನೋಡಿ. ದೇಶದ ಆರ್‌ವಿ ರವಾನೆ 2021ರಲ್ಲಿ 6 ಲಕ್ಷ ಇದ್ದಿದ್ದು 2023ಕ್ಕೆ 3.13 ಲಕ್ಷ, ಹೆಚ್ಚುಕಮ್ಮಿ ಅರ್ಧ. ಆದ್ರೆ ಎಲ್ಕ್‌ಹಾರ್ಟ್ ನಿರುದ್ಯೋಗ 3-4 ಪರ್ಸೆಂಟ್ ಆಸುಪಾಸಲ್ಲೇ ಇತ್ತು. ಯಾಕಂದ್ರೆ ಫ್ಯಾಕ್ಟರಿಗಳು ಎಲ್ಲರನ್ನೂ ತೆಗೀಲಿಲ್ಲ, ವಾರಕ್ಕೆ ಐದರ ಬದಲು ಮೂರು ನಾಲ್ಕು ದಿನ ಓಡಿಸಿದ್ವು. ವಾರಕ್ಕೆ ಮೂರು ದಿನ ದುಡಿದವನೂ ಉದ್ಯೋಗಿಯೇ, ಕೂಲಿ ಎಷ್ಟು ಕತ್ತರಿಸಿತು ಅಂತ ದರಕ್ಕೆ ಕಾಣಲ್ಲ. ಅಕ್ಕಪಕ್ಕದ ಕೌಂಟಿಯಿಂದ, ಅಂದ್ರೆ ಅಲ್ಲಿನ ಜಿಲ್ಲೆಯಿಂದ, ಬಂದು ದುಡೀತಿದ್ದವರ ಕೆಲಸ ಹೋದ್ರೆ ಅದು ಅವರವರ ಊರಿನ ಲೆಕ್ಕ. ಅಷ್ಟು ಚೊಕ್ಕ ಲೆಕ್ಕ ಇಡೋ ಕಡೆಯೂ ಕಷ್ಟ ದರದ ಕಣ್ಣು ತಪ್ಪಿಸಿ ಬೇರೆ ಕಡೆ ಕೂತಿತ್ತು.

ಮುಂದೆ ಏನಾಗಬಹುದು

ಧಾರವಾಡದ ಒಂದು ಭಾಗದ ವ್ಯಾಪಾರವೇ ಈ ಕಾಯೋರ ಮೇಲೆ ನಿಂತಿದೆ. ಪಿಜಿ ಬಾಡಿಗೆ, ಖಾನಾವಳಿಯ ರೊಟ್ಟಿ ಊಟ, ಕೋಚಿಂಗ್ ಫೀಸು, ಎಲ್ಲಾ ಬರೋದು ದೂರದ ಹಳ್ಳಿಯ ಜೋಳ ತೊಗರಿ ಮಾರಿದ ದುಡ್ಡಲ್ಲಿ, ಕೆಲವರ ಮನೆಯಲ್ಲಿ ಸಾಲದಲ್ಲಿ. ಕಾಯೋದು ಇನ್ನೂ ಉದ್ದ ಆದ್ರೆ ಮೊದಲು ಸೋಲೋದು ಹೆಣ್ಣುಮಕ್ಕಳು, ಮನೆಯವರು ಮದುವೆಗೆ ಕೊಟ್ಟ ಗಡುವು ಸರ್ಕಾರದ ವಯೋಮಿತಿಗಿಂತ ತುಂಬಾ ಮುಂಚೆ ಮುಗಿಯುತ್ತೆ. ಆಮೇಲೆ ಹೊಲ ಕಮ್ಮಿ ಇರೋರ ಮಕ್ಕಳು. ಕೊನೆವರೆಗೂ ಉಳಿಯೋದು ಮನೆಯಿಂದ ದುಡ್ಡು ಬರ್ತಾ ಇರೋರು, ಅಂದ್ರೆ ಪರೀಕ್ಷೆ ಎಷ್ಟೇ ನ್ಯಾಯವಾಗಿ ನಡೆದ್ರೂ ಕೂರೋರ ಪಟ್ಟಿ ಮೊದಲೇ ಸೋಸಿ ಹೋಗಿರುತ್ತೆ.

ತಕ್ಷಣಕ್ಕೆ ಹೊಸ ಫ್ಯಾಕ್ಟರಿ ಬರಲ್ಲ, ಖಜಾನೆಯಲ್ಲಿ ಎರಡೂವರೆ ಲಕ್ಷ ಮಂದಿಯ ಸಂಬಳಕ್ಕೆ ದುಡ್ಡೂ ಇಲ್ಲ. ಆದ್ರೆ ಯುಪಿಎಸ್‌ಸಿ ಮಾಡೋ ಥರ ವರ್ಷದ ಮೊದಲೇ ಯಾವ ಪರೀಕ್ಷೆ ಯಾವ ದಿನ ಅಂತ ಕ್ಯಾಲೆಂಡರ್ ಹಾಕಿ ಅದನ್ನ ಪಾಲಿಸೋಕೆ ಖರ್ಚಿಲ್ಲ. ಈ ವರ್ಷ ಬರೀ 500 ಪೋಸ್ಟು ಅಂತ ಮೊದಲೇ ಗೊತ್ತಾದ್ರೆ ಒಂದಷ್ಟು ಮಂದಿ ಆ ವರ್ಷವೇ ಬೇರೆ ಕೆಲಸ ನೋಡ್ತಾರೆ. ಇವತ್ತು ಅವರನ್ನ ಕಟ್ಟಿ ಕೂರಿಸಿರೋದು ಸರ್ಕಾರಿ ನೌಕರಿ ಆಸೆಗಿಂತ ಜಾಸ್ತಿ, ಯಾವಾಗ ಬರುತ್ತೋ ಎಷ್ಟು ಬರುತ್ತೋ ಅನ್ನೋದು ಗೊತ್ತಿಲ್ಲದಿರೋದು.

ಹಂಗೇನಾದ್ರೂ ಆದ್ರೆ ಲೆಕ್ಕದಲ್ಲಿ ಒಂದು ವಿಚಿತ್ರ ಕಾಣುತ್ತೆ, ಅದಕ್ಕೆ ಈಗಲೇ ತಯಾರಾಗಿರಿ. ಓದೋದು ಬಿಟ್ಟು ಖಾಸಗಿ ಕೆಲಸ ಹುಡುಕೋಕೆ ಹೊರಟ ಹುಡುಗ ಮೂರನೇ ಗುಂಪಿಂದ ಎರಡನೇ ಗುಂಪಿಗೆ ಬರ್ತಾನೆ, ಅಂದ್ರೆ ನಿರುದ್ಯೋಗ ದರ ಏರುತ್ತೆ. ಪರಿಸ್ಥಿತಿ ಸ್ವಲ್ಪ ಸುಧಾರಿಸಿದ ತಿಂಗಳೇ ಟಿವಿಯಲ್ಲಿ "ನಿರುದ್ಯೋಗ ಏರಿಕೆ" ಅಂತ ಕಿರುಚ್ತಾರೆ. ಅದಕ್ಕೇ ದರದ ಜೊತೆ ಅದೇ ಬುಲೆಟಿನ್‌ನಲ್ಲಿ ಬರೋ ಇನ್ನೆರಡು ನಂಬರ್ ನೋಡೋದು ಒಳ್ಳೇದು, ಎಷ್ಟು ಮಂದಿ ದುಡಿಯೋಕೆ ಮುಂದೆ ಬಂದ್ರು, ನೂರರಲ್ಲಿ ಎಷ್ಟು ಮಂದಿಗೆ ನಿಜಕ್ಕೂ ಕೆಲಸ ಇದೆ ಅನ್ನೋದು. ದರ ಏರಿ ಈ ಎರಡೂ ಏರಿದ್ರೆ ಗಾಬರಿ ಬೇಡ, ದರ ಇಳಿದು ಈ ಎರಡೂ ಇಳಿದ್ರೆ ಸಪ್ತಾಪುರದಲ್ಲಿ ಇನ್ನೊಂದಷ್ಟು ರೂಂ ಭರ್ತಿ ಆಗಿವೆ ಅಂತ.